ಸೇಡು ಯಾರ ಸ್ವತ್ತು?

ಹೊಡೆದಾಟದ ಸಿನಿಮಾ ಅಂದರೆ ನಮ್ಮ ಹಿರಿಯ ಸಂಗಾತಿಗಳು ಮೂಗು ಮುರಿಯುತ್ತಾರೆ. ದುಡಿಯುವ ಜನರ ಸಿಟ್ಟನ್ನು ಮೂರು ಗಂಟೆಯೊಳಗೆ ಬೇಯಿಸಿ, ಆವಿ ಮಾಡಿ ಹೊರಗೆ ಬಿಡುವ ಪಾತ್ರೆ ಅದು ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಪಾತ್ರೆಯ ಸುತ್ತ ಕೂತವರು ಯಾರು? ಗಾರೆ ಕೆಲಸದವರು, ಜಲ್ಲಿ ಹೊಡೆಯುವವರು, ಹಾಸ್ಟೆಲ್ಲಿನ ಹುಡುಗರು. ನಾವೇ. ಬೇಯುತ್ತಿರುವುದು ನಮ್ಮ ಸಿಟ್ಟಾದರೆ, ಒಲೆ ಹೂಡಿದವರು ಯಾರು, ಸೌದೆ ಯಾರ ಹಿತ್ತಿಲದ್ದು ಅಂತ ಬಗ್ಗಿ ನೋಡದೆ ಎದ್ದು ಹೋಗುವುದು ಯಾವ ಸೀಮೆಯ ವಿಚಾರವಂತಿಕೆ? ಕವಿತೆ ಕಟ್ಟಿಕೊಂಡಿದ್ದ ನಾವು ಸಿನಿಮಾದ ಕತೆ ಬಿಚ್ಚಲು ಕೂತದ್ದು ಈ ಕಾರಣಕ್ಕೆ.

ಸೇಡಿನ ಕತೆಗೊಂದು ಹಂದರವಿದೆ. ಮದುವೆ ಚಪ್ಪರದ ಕಂಬ ಎಲ್ಲೆಲ್ಲಿ ಹೂಳಬೇಕು ಅಂತ ಊರಿಗೆಲ್ಲ ಗೊತ್ತಿರುವ ಹಾಗೆ ಈ ಹಂದರದ ಕಂಬಗಳೂ ನೋಡುವವರಿಗೆ ಮೊದಲೇ ಗೊತ್ತು. ಮೊದಲು ಒಂದು ಮನೆ. ಮನೆಯಲ್ಲಿ ಹಬ್ಬ, ನಗು, ಸಾಧ್ಯವಾದರೆ ಒಂದು ಹಾಡು. ಆಮೇಲೆ ಪೆಟ್ಟು. 1973ರ 'ಜಂಜೀರ್'ನಲ್ಲಿ ದೀಪಾವಳಿ ರಾತ್ರಿಯೇ ಹುಡುಗನ ಅಪ್ಪ ಅಮ್ಮ ಕೊಲೆಯಾಗುತ್ತಾರೆ. ಕೊಂದವನ ಮುಖ ಅವನಿಗೆ ಕಾಣುವುದಿಲ್ಲ, ಕೈಸರಪಳಿಯಲ್ಲಿ ತೂಗುವ ಬಿಳಿ ಕುದುರೆ ಮಾತ್ರ ಕಾಣುತ್ತದೆ. ವರ್ಷಗಳು ಉರುಳುತ್ತವೆ. ಹುಡುಗ ಇನ್‌ಸ್ಪೆಕ್ಟರಾಗುತ್ತಾನೆ, ಕುದುರೆ ಕನಸಿಗೆ ಬರುತ್ತಲೇ ಇರುತ್ತದೆ. ಒಂದು ದಿನ ಅದೇ ಕುದುರೆ ಎದುರಿಗೇ ಬರುತ್ತದೆ. ಇನ್ನು ಉಳಿದದ್ದು ಹೊಡೆದಾಟ. ಮೊದಲ ಹತ್ತು ನಿಮಿಷದಲ್ಲಿ ಕೊಟ್ಟ ಸಾಲವನ್ನು ಕೊನೆಯ ಹತ್ತು ನಿಮಿಷದಲ್ಲಿ ವಸೂಲು ಮಾಡುವುದು, ನಡುವಿನ ಎರಡೂವರೆ ಗಂಟೆ ಬಡ್ಡಿ ಬೆಳೆಸುವುದು. ಸಾಹುಕಾರನ ಲೆಕ್ಕದ ಪುಸ್ತಕಕ್ಕೂ ಇದಕ್ಕೂ ಹೆಚ್ಚು ಫರಕಿಲ್ಲ.

'ಶೋಲೆ' ಚಿತ್ರೀಕರಣವಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. 1975ರ ಆಗಸ್ಟ್ 15ರಂದು ತೆರೆಗೆ ಬಂತು. ತುರ್ತು ಪರಿಸ್ಥಿತಿ ಹೇರಿ ಆಗಿನ್ನೂ ಎರಡು ತಿಂಗಳಾಗಿರಲಿಲ್ಲ. ಸಲೀಂ-ಜಾವೇದ್ ಬರೆದ, ರಮೇಶ್ ಸಿಪ್ಪಿ ನಿರ್ದೇಶಿಸಿದ ಆ ಕತೆಯ ಕಟ್ಟನ್ನು ಮೆಚ್ಚಲೇಬೇಕು. ಸೇಡು ಠಾಕೂರನದು, ಗುಂಡು ಹಾರಿಸುವವರು ಕೂಲಿಗೆ ಬಂದ ಇಬ್ಬರು ಕಳ್ಳರು. ಹೋಳಿಯ ದಿನ ಡಕಾಯಿತರು ನುಗ್ಗಿದಾಗ ಠಾಕೂರ್ ಕಾಲ ಬಳಿಯೇ ಬಿದ್ದ ಬಂದೂಕನ್ನು ಎತ್ತಿ ಕೊಡುವುದಿಲ್ಲ. ಯಾಕೆ ಕೊಡಲಿಲ್ಲ ಅಂತ ಕಳ್ಳರ ಜೊತೆಗೆ ನಮಗೂ ಸಿಟ್ಟು ಬರುತ್ತದೆ. ಆಗ ಹಿಂದಿನ ಕತೆ ಬಿಚ್ಚಿಕೊಳ್ಳುತ್ತದೆ, ಶಾಲು ಜಾರುತ್ತದೆ. ಅವನಿಗೆ ಕೈಗಳೇ ಇಲ್ಲ. ಶಾಲೊಂದರ ಕೆಳಗೆ ಅರ್ಧ ಸಿನಿಮಾವನ್ನು ಬಚ್ಚಿಟ್ಟ ಜಾಣತನ ಅದು.

ಆದರೆ ಇನ್ನೊಂದನ್ನೂ ಅದು ಬಚ್ಚಿಡುತ್ತದೆ. ಠಾಕೂರನ ಮನೆಯಲ್ಲಿ ರಾಮಲಾಲ್ ಅನ್ನುವ ಆಳಿದ್ದಾನೆ. ಕೈಯಿಲ್ಲದ ಧಣಿಯ ಕೆಲಸವನ್ನೆಲ್ಲ ಮಾಡುವವನು ಇವನೇ. ಧಣಿಗೆ ಕೈ ಹೋದದ್ದು ದೇಶಕ್ಕೆಲ್ಲ ಕಣ್ಣೀರು ತರಿಸಿತು. ಧಣಿಗೆ ಕೈ ಇದ್ದಾಗಲೂ ದುಡಿದದ್ದು ರಾಮಲಾಲನ ಕೈಯೇ ಅಲ್ಲವೇ ಅಂತ ಯಾರೂ ಕೇಳಲಿಲ್ಲ. ಗಬ್ಬರ್ ಊರಿನವರ ಧಾನ್ಯ ಕಿತ್ತುಕೊಳ್ಳುತ್ತಾನೆ, ಅದು ಅನ್ಯಾಯ, ಸರಿ. ಊರಿನ ಹೊಲ ಯಾರದು, ಉಳುವವರು ಯಾರು, ಕೇರಿ ಯಾವ ದಿಕ್ಕಿಗಿದೆ? ರಾಮಗಢದಲ್ಲಿ ಕೇರಿಯೇ ಇಲ್ಲ. ಅಷ್ಟು ದೊಡ್ಡ ಸೆಟ್ಟಿನಲ್ಲಿ ಗುಡಿಗೂ ಮಸೀದಿಗೂ ಜಾಗ ಸಿಕ್ಕಿತು, ನಮಗೆ ಸಿಗಲಿಲ್ಲ.

ಅಂತ್ಯದ ವಿಚಾರ ಇನ್ನೂ ಸ್ವಾರಸ್ಯದ್ದು. ಚಿತ್ರೀಕರಿಸಿದ ಮೊದಲ ಅಂತ್ಯದಲ್ಲಿ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ತುಳಿದು ಗಬ್ಬರನನ್ನು ಕೊಲ್ಲುತ್ತಾನೆ. ಪೊಲೀಸು ಅಧಿಕಾರಿಯಾಗಿದ್ದವನು ಕಾನೂನು ಕೈಗೆ ತೆಗೆದುಕೊಳ್ಳಬಾರದು ಅಂತ ಸೆನ್ಸಾರಿನವರು ಪಟ್ಟು ಹಿಡಿದರು. ಅದಕ್ಕೇ ಕೊನೆಗಳಿಗೆಯಲ್ಲಿ ಪೊಲೀಸರು ಬಂದು ಗಬ್ಬರನನ್ನು ಹಿಡಿದುಕೊಂಡು ಹೋಗುವ ಹಾಗೆ ಬದಲಾಯಿಸಿದರು. ಠಾಕೂರನಂಥ ಠಾಕೂರನಿಗೇ ಸೇಡನ್ನು ಪೂರಾ ಮಾಡಲು ಪ್ರಭುತ್ವ ಬಿಡಲಿಲ್ಲ ಎಂದಮೇಲೆ ನಮ್ಮಂಥವರ ಪಾಡೇನು?

ನಮ್ಮ ಪ್ರಶ್ನೆ ಹುಟ್ಟುವುದೇ ಇಲ್ಲಿ. ಸೇಡಿನ ಕತೆಯ ಮೊದಲ ಕಂಬ ಹೂಳಬೇಕಾದರೆ ಕಳೆದುಕೊಳ್ಳಲು ಏನಾದರೂ ಇರಬೇಕು. ನೆಮ್ಮದಿಯ ಮನೆ, ಹಬ್ಬದ ರಾತ್ರಿ, ಎಲ್ಲಿಂದಲೋ ಬಂದ ಒಂದು ಪೆಟ್ಟು. ನಮ್ಮ ಕೇರಿಗೆ ಪೆಟ್ಟು ಒಂದು ದಿನ ಬಂದದ್ದಲ್ಲ. ನಮ್ಮ ಅಜ್ಜ ಜೀತಕ್ಕಿದ್ದ ಮನೆಯಲ್ಲೇ ಅಪ್ಪನೂ ದನ ಕಾಯ್ದ. ಅವನ ಬೆನ್ನಿನ ಮೇಲೆ ಬಿದ್ದ ಬಾರುಕೋಲಿನ ಯಾವ ಏಟನ್ನು ಮೊದಲನೇ ದೃಶ್ಯ ಮಾಡೋಣ? ಪೆಟ್ಟೇ ದಿನಚರಿಯಾದವರಿಗೆ ಕತೆ ಎಲ್ಲಿಂದ ಶುರುವಾಗಬೇಕು?

ಇದಕ್ಕೆ ಒಂದು ಉತ್ತರ ಕೊಟ್ಟದ್ದು ತಮಿಳಿನ 'ಅಸುರನ್'. 2019ರ ಅಕ್ಟೋಬರ್ 4ರಂದು ಬಿಡುಗಡೆಯಾಯಿತು. ಪೂಮಣಿಯವರು 1982ರಲ್ಲಿ ಬರೆದ 'ವೆಕ್ಕೈ' ಕಾದಂಬರಿ ಇದಕ್ಕೆ ಆಧಾರ. ನಿರ್ದೇಶಕ ವೆಟ್ರಿಮಾರನ್. ನಾವಾಗ ಡಿಗ್ರಿ ಮೊದಲ ವರ್ಷದಲ್ಲಿದ್ದೆವು. ಹಾಸ್ಟೆಲ್ಲಿನ ಏಳು ಜನ ರೈಲು ಹತ್ತಿ ಕೆ.ಜಿ.ಎಫ್.ಗೆ ಹೋಗಿ ನೋಡಿ ಬಂದೆವು. ಗಣಿಯ ಊರಿನಲ್ಲಿ ತಮಿಳು ಸಿನಿಮಾಕ್ಕೆ ಬರವಿಲ್ಲ. ನಮ್ಮಲ್ಲಿ ಮೂವರಿಗೆ ಮನೆಮಾತೇ ಅದು, ಉಳಿದವರಿಗೆ ಅರ್ಧಂಬರ್ಧ. (ಅದೇ ಊರಿನ ಹೆಸರಿಟ್ಟುಕೊಂಡು 2018ರಲ್ಲಿ ಬಂದ ಕನ್ನಡದ ಭಾರೀ ಸಿನಿಮಾದಲ್ಲಿ ಆ ಊರಿನ ಗಣಿಗಿಳಿದ ದಲಿತ ಕಾರ್ಮಿಕರ ಕತೆ ಎಲ್ಲಿದೆ ಅಂತ ಹುಡುಕಿ ನೋಡಿ. ಅದು ಇನ್ನೊಂದು ಬರಹದ ಮಾತು.)

ಅಸುರನ್ ಶುರುವಾಗುವ ಹೊತ್ತಿಗೆ ಸೇಡು ತೀರಿಹೋಗಿದೆ. ಅಪ್ಪ ಶಿವಸಾಮಿ, ಮಗ ಚಿದಂಬರಂ ಕತ್ತಲಲ್ಲಿ ಕಾಡು ಬಿದ್ದು ಓಡುತ್ತಿದ್ದಾರೆ. ಇನ್ನೂ ಮೀಸೆ ಮೂಡದ ಹುಡುಗ ಊರಿನ ದೊಡ್ಡ ಜಮೀನುದಾರ ವಡಕ್ಕೂರಾನ್ ನರಸಿಂಹನ್‌ನನ್ನು ಕೊಂದಿದ್ದಾನೆ. ಬೇರೆ ಸಿನಿಮಾಗಳಲ್ಲಿ ಕೊನೆಯ ರೀಲಿಗೆ ಇಟ್ಟುಕೊಳ್ಳುವುದನ್ನು ಇವರು ಮೊದಲೇ ಮುಗಿಸಿ ಕೂತಿದ್ದಾರೆ. ಹಾಗಾದರೆ ಮುಂದೆ ಏನು ನೋಡಬೇಕು? ಕೊಲ್ಲುತ್ತಾನೋ ಇಲ್ಲವೋ ಅನ್ನುವ ಕಾತರ ಹೋಯಿತು. ಆ ಜಾಗಕ್ಕೆ ಬೇರೆ ಪ್ರಶ್ನೆ ಬರುತ್ತದೆ: ಹದಿಹರೆಯದ ಹುಡುಗ ಮಾಡಿದ ಕೆಲಸವನ್ನು ಈ ಅಪ್ಪ ಯಾಕೆ ಮಾಡಲಿಲ್ಲ? ಅಪ್ಪ ಕುಡುಕ, ಹೆದರುಪುಕ್ಕಲ, ದೊಡ್ಡೋರ ಮುಂದೆ ಬಗ್ಗಿ ನಿಲ್ಲುವವನು ಅಂತ ಮಗನಿಗೆ ತಾತ್ಸಾರ. ಟಾಕೀಸಿನಲ್ಲಿ ಕೂತ ನಮಗೂ ಅದೇ ತಾತ್ಸಾರ. ಅಪ್ಪಂದಿರ ಬಗ್ಗೆ ನಮಗಿರುವ ತಾತ್ಸಾರವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ತೆರೆಯ ಮೇಲೆ ಆ ಹುಡುಗ ಹೇಳುತ್ತಿದ್ದ.

ಕತೆ ಹಿಂದಕ್ಕೆ ಹೋಗುತ್ತದೆ. ಕಾರಣ ಮೂರು ಎಕರೆ ಜಮೀನು. ಸಿಮೆಂಟು ಕಾರ್ಖಾನೆಗೆ ಆ ಜಾಗ ಬೇಕು, ಇವರು ಕೊಡುವುದಿಲ್ಲ. ಮುಂದಿನ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿ. ಅವರು ಕರೆಂಟಿನ ಬೇಲಿ ಹಾಕುತ್ತಾರೆ, ಇವರ ನಾಯಿ ಸಾಯುತ್ತದೆ. ಬಾವಿ ನೀರಿಗೆ ಜಗಳವಾಗುತ್ತದೆ, ದೊಡ್ಡ ಮಗ ಮುರುಗನ್ ಕೈ ಮಾಡುತ್ತಾನೆ, ಪೊಲೀಸರು ಬಂದು ಅವನನ್ನು ಎಳೆದೊಯ್ಯುತ್ತಾರೆ. ಮಗನನ್ನು ಬಿಡಿಸಲು ಶಿವಸಾಮಿ ಊರಿನ ಒಬ್ಬೊಬ್ಬರ ಕಾಲಿಗೂ ಬೀಳಬೇಕು ಅಂತ ತೀರ್ಮಾನವಾಗುತ್ತದೆ, ಅವನು ಬೀಳುತ್ತಾನೆ. ಹೊರಗೆ ಬಂದ ಮಗನಿಗೆ ಅದು ತಿಳಿದು ನರಸಿಂಹನ್‌ಗೆ ಚಪ್ಪಲಿಯಲ್ಲಿ ಹೊಡೆಯುತ್ತಾನೆ. ಚಪ್ಪಲಿ ಏಟಿಗೆ ಪ್ರತಿಯಾಗಿ ಅವರು ಮುರುಗನ್ ತಲೆಯನ್ನೇ ತೆಗೆಯುತ್ತಾರೆ, ಮನೆಗೆ ಸಿಗುವುದು ರುಂಡವಿಲ್ಲದ ದೇಹ. ವರ್ಷ ಕಳೆದರೂ ತಾಯಿ ಪಚ್ಚೈಯಮ್ಮಳ ಅಳು ನಿಲ್ಲುವುದಿಲ್ಲ. ಅದನ್ನು ನೋಡಿ ನೋಡಿ ಚಿಕ್ಕವನು ಮಚ್ಚು ಹಿಡಿಯುತ್ತಾನೆ.

ಈ ಲೆಕ್ಕದಲ್ಲಿ ಸಮ ಅನ್ನುವುದೇ ಇಲ್ಲ. ನಮ್ಮ ಕಡೆಯಿಂದ ಒಂದು ಬೆರಳು ಮೇಲೆದ್ದರೆ ಅವರ ಕಡೆಯಿಂದ ಒಂದು ಜೀವ ಹೋಗುತ್ತದೆ. ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಅನ್ನುವ ಮಾತು ಸರೀಕರ ನಡುವಿನದು. ಜಾತಿಯ ಊರಿನಲ್ಲಿ ಚಪ್ಪಲಿಗೆ ತಲೆ, ಇದು ದರ. ಸೇಡಿನ ಕತೆಯ ಒಳಗೆ ಈ ದರಪಟ್ಟಿಯನ್ನು ಇಷ್ಟು ಸ್ಪಷ್ಟವಾಗಿ ತಂದಿಟ್ಟದ್ದನ್ನು ನಾವು ಬೇರೆಲ್ಲೂ ನೋಡಲಿಲ್ಲ. ಇನ್ನೊಂದು ಮಾತು. ಶೋಲೆಯಲ್ಲಿ ಪೊಲೀಸರು ಕೊನೆಗೆ ಬರುತ್ತಾರೆ. ಇಲ್ಲಿ ಮೊದಲೇ ಬರುತ್ತಾರೆ, ಕೊಲೆ ನಡೆಯುವುದಕ್ಕೆ ಬಹಳ ಮುಂಚೆಯೇ. ಬಂದು ಹಿಡಿಯುವುದು ನಮ್ಮವನನ್ನು. ಹಂದರದ ಕಂಬ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದುಬಿಟ್ಟಿತು. ಆ ದೃಶ್ಯ ಬಂದಾಗ ನಮ್ಮ ಸಾಲಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಕಾಲಿಗೆ ಬೀಳುವ ದೃಶ್ಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೇಡಿನ ಸಿನಿಮಾದಲ್ಲಿ ಅವಮಾನ ಅನ್ನುವುದು ಬಂದೂಕಿನ ಮದ್ದು. ನಾಯಕನಿಗೆ ಅವಮಾನ ಮಾಡಿಸಿ, ಅದನ್ನು ಅವನ ಎದೆಯಲ್ಲಿ ತುಂಬಿ, ಕೊನೆಗೆ ಸಿಡಿಸುತ್ತಾರೆ. ಇಲ್ಲಿ ಅಪ್ಪ ಅವಮಾನವನ್ನು ಮಗನ ಜೀವಕ್ಕೆ ಬೆಲೆಯಾಗಿ ಕೊಡುತ್ತಾನೆ. ಅಂಗಡಿಯಲ್ಲಿ ದುಡ್ಡು ಎಣಿಸಿ ಕೊಟ್ಟ ಹಾಗೆ, ಒಬ್ಬೊಬ್ಬರ ಕಾಲಿಗೂ ಒಂದೊಂದು ನಮಸ್ಕಾರ. ಅವನ ಮಟ್ಟಿಗೆ ವ್ಯಾಪಾರ ಮುಗಿಯಿತು. ಆದರೆ ಅಪ್ಪ ಕೊಟ್ಟ ಆ ಬೆಲೆಯೇ ಮಗನನ್ನು ಕೆರಳಿಸುತ್ತದೆ, ಸಾಯಿಸುತ್ತದೆ. ಪ್ರೀತಿಯೇ ಕೊಲೆಗೆ ದಾರಿ ಮಾಡಿಕೊಡುವ ಇಂಥ ಕೊಂಡಿಯನ್ನು ಬರೀ ಹೊಡೆದಾಟ ಬರೆಯುವವರು ಹೆಣೆಯಲಾರರು. ನಮ್ಮ ಊರುಗಳಲ್ಲಿ ತಪ್ಪುಕಾಣಿಕೆ ಕಟ್ಟಿ, ಅಡ್ಡಬಿದ್ದು ಮಕ್ಕಳನ್ನು ಉಳಿಸಿಕೊಂಡ ಅಪ್ಪಂದಿರು ಎಷ್ಟು ಜನ! ಯಾವ ಕತೆಯಲ್ಲೂ ಅವರು ನಾಯಕರಾಗಲಿಲ್ಲ.

ಮಧ್ಯಂತರದ ಹೊತ್ತಿಗೆ ಚಿದಂಬರಂ ಜೀವಕ್ಕೆ ಕುತ್ತು ಬರುತ್ತದೆ. ಆಗ ಆ ಹೆದರುಪುಕ್ಕಲ ಅಪ್ಪ ಭರ್ಜಿ ಹಿಡಿದು ಎದ್ದು ನಿಲ್ಲುತ್ತಾನೆ. ಶಿಳ್ಳೆಯ ಸದ್ದಿಗೆ ಟಾಕೀಸಿನ ತಗಡು ಅದುರಿತು. ನಾವೂ ಹೊಡೆದೆವು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಇನ್ನೂ ಆಳದ ಕತೆ ಬರುತ್ತದೆ. ಹರೆಯದ ಶಿವಸಾಮಿ ಒಬ್ಬ ಜಮೀನುದಾರನಿಗೆ ಸಾರಾಯಿ ಕಾಯಿಸಿ ಕೊಡುತ್ತಿದ್ದವನು. ಮದುವೆಯಾಗಬೇಕಿದ್ದ ಮಾರಿಯಮ್ಮಳಿಗೆ ಚಪ್ಪಲಿ ಕೊಡಿಸುತ್ತಾನೆ. ಮೇಲ್ಜಾತಿಯ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆದಳು ಅಂತ ಅದನ್ನು ತಲೆಯ ಮೇಲೆ ಹೊರಿಸಿ ನಡೆಸುತ್ತಾರೆ. ಈಗ ಮುರುಗನ್‌ನ ಚಪ್ಪಲಿ ಏಟಿಗೆ ಮತ್ತೆ ಹೋಗಿ ನೋಡಿ. ತನ್ನಪ್ಪನ ಹಳೆಯ ಕತೆ ಅವನಿಗೆ ಗೊತ್ತೇ ಇಲ್ಲ, ಆದರೂ ಕೈಗೆ ಸಿಕ್ಕಿದ್ದು ಅದೇ ಆಯುಧ. ಒಂದು ತಲೆಮಾರಿನ ತಲೆಯ ಮೇಲಿದ್ದದ್ದು ಮುಂದಿನ ತಲೆಮಾರಿನ ಕೈಗೆ ಬಂತು. ಜಂಜೀರ್‌ನ ಬಿಳಿ ಕುದುರೆ ಒಬ್ಬನ ಗುರುತು ಹಿಡಿಯಲು ಇಟ್ಟ ಸಂಕೇತ. ಈ ಚಪ್ಪಲಿ ಯಾವ ಒಬ್ಬನ ಗುರುತೂ ಅಲ್ಲ.

ಪಂಚಮಿ ಭೂಮಿಯ ಹೋರಾಟ ಈ ಒಳಕತೆಯಲ್ಲಿ ಬರುತ್ತದೆ. ಮದರಾಸು ಪ್ರಾಂತ್ಯದಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಕೊಟ್ಟ ವರದಿಯ ಮೇಲೆ 1892ರಿಂದ ದಲಿತರಿಗೆಂದು ಹಂಚಿದ ಭೂಮಿ ಅದು, ಬೇರೆಯವರಿಗೆ ಪರಭಾರೆ ಆಗಬಾರದು ಅಂತ ಕಟ್ಟಳೆ. ಆಯಿತು, ಬೇಕಾದಷ್ಟು ಆಯಿತು. ಆ ಭೂಮಿ ಕೇಳಿದ್ದಕ್ಕೆ ಗುಡಿಸಲುಗಳಿಗೆ ಬೆಂಕಿ ಬೀಳುತ್ತದೆ. ಮಾರಿಯಮ್ಮಳೂ ಅದರಲ್ಲಿ ಬೇಯುತ್ತಾಳೆ. ಶಿವಸಾಮಿ ಆ ರಾತ್ರಿ ಸೇಡು ತೀರಿಸಿಕೊಂಡವನೇ. ಅಂದರೆ ಅಪ್ಪ ಹೆದರುಪುಕ್ಕಲನಲ್ಲ. ಸೇಡಿನ ಕೊನೆಯ ರೀಲನ್ನು ಮಗ ಹುಟ್ಟುವ ಮೊದಲೇ ನೋಡಿ ಬಂದವನು.

ಈ ಬೆಂಕಿ ಕಾದಂಬರಿಯಲ್ಲಿ ಇಲ್ಲ. ಪೂಮಣಿಯವರಲ್ಲಿ ಇರುವುದು ಅಪ್ಪ ಮಗ ತಲೆ ಮರೆಸಿಕೊಂಡ ಎಂಟು ದಿನಗಳು, ಕರಿಮಣ್ಣಿನ ಸೀಮೆಯ ಹಳ್ಳ ಗುಡ್ಡ, ಕದ್ದು ಮುಚ್ಚಿ ಬೇಯಿಸಿಕೊಂಡ ಅನ್ನ. ಬೆಂಕಿಯನ್ನು ಸಿನಿಮಾದವರು ಸೇರಿಸಿದರು. ನೋಡಿದವರಿಗೆಲ್ಲ ನೆನಪಾಗುವುದು ಕೀಳ್ವೆಣ್ಮಣಿ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಜಿಲ್ಲೆಯ ಆ ಊರಿನಲ್ಲಿ ಕೂಲಿ ಹೆಚ್ಚು ಕೇಳಿದ ಕಾರಣಕ್ಕೆ 44 ಜನರನ್ನು ಒಂದು ಗುಡಿಸಲಿನಲ್ಲಿ ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟ ಭೂಮಾಲೀಕರನ್ನು ಹೈಕೋರ್ಟು ಬಿಟ್ಟಿತು. ಹಾಗೆ ಬಿಡುಗಡೆಯಾದವರಲ್ಲಿ ಮುಖ್ಯನಾದವನು 1980ರ ಡಿಸೆಂಬರಿನಲ್ಲಿ ಕೊಲೆಯಾದ. ಬೆಂಕಿಗೂ ಕೊಲೆಗೂ ನಡುವೆ ಹನ್ನೆರಡು ವರ್ಷ. ಸಿನಿಮಾದಲ್ಲಿ ಹನ್ನೆರಡು ನಿಮಿಷವೂ ಇಲ್ಲ. ಇದನ್ನು ನಾವು ಸಿನಿಮಾದ ಸೋಲು ಅಂತಲೇ ಎಣಿಸುತ್ತೇವೆ. ಆ ಹನ್ನೆರಡು ವರ್ಷ ಉಳಿದವರು ಹೇಗೆ ಬದುಕಿದರು, ಅದೇ ಗದ್ದೆಗೆ ಹೇಗೆ ಇಳಿದರು ಅನ್ನುವುದೇ ನಿಜವಾದ ಕತೆ.

ನಮ್ಮ ಕಡೆ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ನಾವು ಆ ಬೆಂಕಿಯ ಸುತ್ತಮುತ್ತಲಿನ ವರ್ಷಗಳಲ್ಲಿ ಹುಟ್ಟಿದ ಮಕ್ಕಳು. ಕಂಬಾಲಪಲ್ಲಿಯಲ್ಲಿ ಯಾವ ಶಿವಸಾಮಿಯೂ ಭರ್ಜಿ ಹಿಡಿದು ಬರಲಿಲ್ಲ. ಒಬ್ಬ ಮನುಷ್ಯ ಇಪ್ಪತ್ತು ಜನರನ್ನು ಕಡಿದು ಹಾಕುವುದನ್ನು ನೋಡುವಾಗ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದಲ್ಲ, ಆ ತಂಪಿನ ಬಗ್ಗೆ ನಮಗೆ ಅನುಮಾನವಿದೆ. ಹಿರಿಯ ಸಂಗಾತಿಗಳು ಹೇಳಿದ ಆವಿ ಅದೇ ಇರಬಹುದು.

ಇನ್ನೊಂದು ತಕರಾರು ಮಾರಿಯಮ್ಮಳದು. ಆ ಹುಡುಗಿ ಕತೆಗೆ ಬರುವುದು ಅವಮಾನ ಪಡಲು, ಆಮೇಲೆ ಸುಟ್ಟುಹೋಗಲು. ಗಂಡಿನ ಸೇಡಿಗೆ ಹೆಣ್ಣಿನ ಹೆಣ ಬೇಕು ಅನ್ನುವುದು ಈ ಹಂದರದ ಅತಿ ಹಳೆಯ ಕಂಬ, ಅದನ್ನು ಕೀಳಲು ವೆಟ್ರಿಮಾರನ್‌ಗೂ ಆಗಲಿಲ್ಲ. ಪಚ್ಚೈಯಮ್ಮ ಬೇರೆ. ಅವಳಿಗೆ ಬಾಯಿದೆ, ಹೊಲ ಬಿಡುವುದಿಲ್ಲ ಅನ್ನುವ ಹಟವಿದೆ, ಕುಡುಗೋಲು ಹಿಡಿಯುವ ಕೈಯಿದೆ. ನಮ್ಮ ಅವ್ವಂದಿರ ಗುರುತು ನಮಗೆ ಹತ್ತಿದ್ದು ಅವಳಲ್ಲಿ.

ಸೇಡಿನ ಸಿನಿಮಾದಲ್ಲಿ ಕಾಲಕ್ಕೆ ಏನು ಗೌರವ ನೋಡಿ. ನಾಯಕ ಇಪ್ಪತ್ತು ವರ್ಷ ಕಾಯುತ್ತಾನೆ. ಕಾದಷ್ಟೂ ಸೇಡು ಮಾಗುತ್ತದೆ, ಜನರ ಶಿಳ್ಳೆ ಜೋರಾಗುತ್ತದೆ. ಇಷ್ಟು ತಡವಾಗಿ ಯಾಕಪ್ಪಾ ಬಂದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಏಳು ಜನರಲ್ಲಿ ಒಬ್ಬನ ತಾತನಿಗೆ ಸರ್ಕಾರದಿಂದ ಎರಡು ಎಕರೆ ಮಂಜೂರಾಗಿತ್ತು. ಮಗಳ ಮದುವೆ ಸಾಲಕ್ಕೆ ಅದು ಊರಿನ ಒಬ್ಬ ದೊಡ್ಡವರ ಪಾಲಾಯಿತು. ಇಂಥ ಜಮೀನು ಕೈತಪ್ಪಬಾರದು, ತಪ್ಪಿದರೆ ಮರಳಿ ಕೊಡಿಸಬೇಕು ಅಂತಲೇ ಕರ್ನಾಟಕದಲ್ಲಿ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂದದ್ದು. ಆದರೆ ಅರ್ಜಿಯನ್ನು ಯುಕ್ತ ಕಾಲದೊಳಗೆ ಹಾಕಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ ಎಷ್ಟೋ ಅರ್ಜಿಗಳು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಬಿದ್ದುಹೋದವು, ಇವರದೂ ಬಿತ್ತು. ಓದು ಬಾರದ ತಾತ ಯಾವ ಕಾಲದೊಳಗೆ ಅರ್ಜಿ ಹಾಕಬೇಕಿತ್ತು? ಮೊಮ್ಮಗ ಓದಿ ಕಾನೂನಿನ ಹೆಸರು ತಿಳಿಯುವ ಹೊತ್ತಿಗೆ ತಡವಾಗಿತ್ತು. 2023ರಲ್ಲಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆದ ಮೇಲೆ ಇವರು ಮತ್ತೆ ಕೋರ್ಟು ಹತ್ತಿದ್ದಾರೆ. ಸಿನಿಮಾದ ನಾಯಕನಿಗೆ ತಡವೇ ಶೃಂಗಾರ, ನಮಗೆ ತಡವೇ ಅಪರಾಧ.

ಅಸುರನ್ ಕೂಡ ಕೋರ್ಟಿನ ಬಾಗಿಲಲ್ಲೇ ಮುಗಿಯುತ್ತದೆ. ರಾಜಿ ಮುರಿದು, ಇನ್ನೊಂದು ಹೊಡೆದಾಟ ಕಳೆದು, ಮಗನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ಶಿವಸಾಮಿ ಶರಣಾಗಲು ಹೋಗುತ್ತಾನೆ. ಹೋಗುವ ಮುಂಚೆ ಮಗನಿಗೆ ಒಂದು ಮಾತು ಹೇಳುತ್ತಾನೆ. ಅದರ ತಿರುಳು ಇಷ್ಟು: ಹೊಲವಿದ್ದರೆ ಕಿತ್ತುಕೊಳ್ಳುತ್ತಾರೆ, ದುಡ್ಡಿದ್ದರೆ ಕಿತ್ತುಕೊಳ್ಳುತ್ತಾರೆ, ಓದನ್ನು ಕಿತ್ತುಕೊಳ್ಳಲಾರರು, ಓದಿ ಅಧಿಕಾರಕ್ಕೆ ಬಾ, ಬಂದಮೇಲೆ ಅವರು ನಮಗೆ ಮಾಡಿದ್ದನ್ನು ನೀನು ಯಾರಿಗೂ ಮಾಡಬೇಡ.

ವಾಪಸು ಬರುವಾಗ ರೈಲಿನಲ್ಲಿ ಇದರ ಮೇಲೆ ದೊಡ್ಡ ಜಗಳವಾಯಿತು. "ಇದು ಬಾಬಾಸಾಹೇಬರ ದಾರಿ ಕಣಯ್ಯ" ಅಂತ ಒಬ್ಬ. "ಹಾಗಾದ್ರೆ ಆ ಮುರುಗನ್ ಸತ್ತಿದ್ದು ಯಾಕೆ? ಚಪ್ಪಲಿಲಿ ಹೊಡಿದೆ ಓದ್ಕೊಂಡು ಕೂತಿದ್ರೆ ಸರಿ ಹೋಗ್ತಿತ್ತಾ?" ಅಂತ ಇನ್ನೊಬ್ಬ. ಕತೆಯ ಕಟ್ಟಿನ ದೃಷ್ಟಿಯಿಂದ ನೋಡಿದರೆ ಎರಡನೆಯವನ ಮಾತಿನಲ್ಲಿ ಹುರುಳಿದೆ. ಎರಡೂವರೆ ಗಂಟೆ ಸೇಡಿನ ಮೇಲೆ ನಡೆದ ಸಿನಿಮಾ ಕೊನೆಯ ಎರಡು ನಿಮಿಷದಲ್ಲಿ ಸೇಡು ಬೇಡ ಅಂದರೆ, ಊಟವೆಲ್ಲ ಮುಗಿದ ಮೇಲೆ ಉಪವಾಸ ಒಳ್ಳೇದು ಅಂದ ಹಾಗೆ. ಆದರೆ ಆ ಮಾತನ್ನು ಹೇಳುತ್ತಿರುವವನು ಎರಡು ಸಲ ಸೇಡು ತೀರಿಸಿಕೊಂಡವನು, ಎರಡು ಸಲವೂ ಏನೂ ತೀರದೆ ಇದ್ದದ್ದನ್ನು ಕಂಡವನು. ಮೇಷ್ಟರು ಹೇಳಿದ್ದರೆ ನಾವು ಎದ್ದು ಹೋಗುತ್ತಿದ್ದೆವು. ಅವನು ಹೇಳಿದ್ದಕ್ಕೆ ಕೂತು ಕೇಳಿದೆವು.

ಆ ಏಳು ಜನರೂ ಡಿಗ್ರಿ ಮುಗಿಸಿದ್ದೇವೆ. ಎಲ್ಲರ ಮನೆಯಲ್ಲೂ ಅದೇ ಮೊದಲ ಡಿಗ್ರಿ. ಇಬ್ಬರು ಅತಿಥಿ ಉಪನ್ಯಾಸಕರು, ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ. ಒಬ್ಬ ಬೆಂಗಳೂರಿನಲ್ಲಿ ಊಟದ ಪೊಟ್ಟಣ ಹೊತ್ತು ಬೈಕು ಓಡಿಸುತ್ತಾನೆ. ಒಬ್ಬಳು ಪರೀಕ್ಷೆ ಬರೆದು ಎಫ್.ಡಿ.ಎ. ಆಗಿದ್ದಾಳೆ, ಕಚೇರಿಯಲ್ಲಿ ಅವಳ ಲೋಟ ಬೇರೆ ಇಟ್ಟಿದ್ದಾರೆ. ಓದನ್ನು ಯಾರೂ ಕಿತ್ತುಕೊಂಡಿಲ್ಲ, ನಿಜ.

ಅಸುರನ್ ಕತೆಯನ್ನೇ ತೆಲುಗಿನಲ್ಲಿ 'ನಾರಪ್ಪ' ಅಂತ ಮಾಡಿದರು. 2021ರಲ್ಲಿ ಅದು ಫೋನಿಗೇ ಬಂತು. ನಮ್ಮ ಕಡೆ ತೆಲುಗು ಬಾರದವರು ಕಡಿಮೆ. ಹೋದ ಸುಗ್ಗಿಯಲ್ಲಿ ಜಮೀನಿನ ಕೇಸಿನ ಆ ಗೆಳೆಯನ ಮನೆಗೆ ಹೋದಾಗ ಅವನ ಅವ್ವನಿಗೆ ಫೋನಿನಲ್ಲಿ ಅದನ್ನು ಹಾಕಿಕೊಟ್ಟೆವು. ಕಾಲಿಗೆ ಬೀಳುವ ಕಡೆ ಸೆರಗು ಕಣ್ಣಿಗೆ ಒತ್ತಿಕೊಂಡಿತು. ಹೊಡೆದಾಟ ಬಂದಾಗ "ಇದನ್ನ ಓಡ್ಸು" ಅಂದಿತು. ಕೊನೆಯ ಓದಿನ ಮಾತಿಗೆ ತಲೆ ಆಡಿಸಿತು. ಸಿನಿಮಾ ಮುಗಿದು ಹೆಸರುಗಳು ಬರುತ್ತಿದ್ದಾಗ, "ಅಲ್ಲ ಕಣ್ರೋ, ಆ ಮೂರೆಕ್ರೆ ಪಹಣಿ ಈಗ ಯಾರ ಹೆಸರಲ್ಲೈತೆ?" ಅಂತ ಕೇಳಿತು.

ಎ.ಸಿ. ಕೋರ್ಟಿನಲ್ಲಿ ಅವರ ವಾಯಿದೆ ಮುಂದಿನ ವಾರವಿತ್ತು. ಮಂಜೂರಾತಿ ಕಾಗದದ ನಕಲಿಗೆ ಅರ್ಜಿ ಬರೆಯುವುದು ಬಾಕಿ ಇತ್ತು. ಫೋನು ಆರಿಸಿ ಬರೆಯಲು ಕೂತೆವು.